ಹಸಿರು ಸೀರೆಯವಳ ಎಡೆ

ಚಳ್ಳಕೆರೆಯಲ್ಲಿ ನಮ್ಮ ಆಶ್ರಯ ಮನೆ ಇರುವ ಕಟ್ಟಡ ಹಿಂದೆ ಶೇಂಗಾ ಎಣ್ಣೆ ತೆಗೆಯುವ ಮಿಲ್ಲಾಗಿತ್ತು. ಯಂತ್ರಗಳು ನಿಂತು ಯಾವ ಕಾಲವಾಯಿತೋ, ಗುಜರಿಯವರು ಅವನ್ನು ಬಿಚ್ಚಿ ಹೊತ್ತುಕೊಂಡು ಹೋಗಿ ಯಾವ ಕಾಲವಾಯಿತೋ, ಬಿಸಿಲು ಏರಿದರೆ ಗೋಡೆಗಳು ಇವತ್ತಿಗೂ ಎಣ್ಣೆಯ ವಾಸನೆ ಬಿಡುತ್ತವೆ. ನನ್ನನ್ನು ಸಾಕಿದ ಪರಶುರಾಂಪುರದ ಅಜ್ಜಿ, ಮನುಷ್ಯರು ಮರೆತದ್ದನ್ನೂ ಗೋಡೆ ಮರೆಯೋದಿಲ್ಲ ಅನ್ನುತ್ತಿದ್ದಳು. ಬಾಗಿಲ ಮೇಲೆ ದೊಡ್ಡ ಬೋರ್ಡು ಬರೆಸಿದ್ದೇವೆ, ಓದುವವರು ಯಾರೂ ಇಲ್ಲ. ಊರಿಗೆಲ್ಲ ಅದು ಮಿಲ್ಲೇ. ಬಸ್‌ಸ್ಟ್ಯಾಂಡಿನಲ್ಲೋ ಸಂತೆ ಮೈದಾನದಲ್ಲೋ ದಿಕ್ಕಿಲ್ಲದವರು ಕಂಡರೆ ಆಟೋದವರು ಫೋನು ಮಾಡುತ್ತಾರೆ: "ಒಂದ್ ಜೀವ ಐತೆ, ಮಿಲ್ಲಿಗೆ ತರ್ಲೇನ್ರಿ?"

ಅದನ್ನು ನಡೆಸುವವರು ಒಬ್ಬ ನಿವೃತ್ತ ಮೇಷ್ಟ್ರು. ಊರಿನ ವರ್ತಕರು ಅಕ್ಕಿ ಬೇಳೆ ಕೊಡುತ್ತಾರೆ, ಡಾಕ್ಟರೊಬ್ಬರು ಬಂದು ನೋಡುತ್ತಾರೆ, ವ್ಯಾನಿಗೊಬ್ಬ ಡ್ರೈವರಿದ್ದಾನೆ. ನಾನು ಅಡಿಗೆಮನೆಯವಳು. ಹೆಂಗಸರಿಗೆ ಸ್ನಾನ ಮಾಡಿಸುವುದು, ತಲೆ ಬಾಚುವುದು ಕೂಡ ನನ್ನದೇ. ಹಾಗೆ ಬಾಚುತ್ತಾ ಕೂತರೆ ಮಾತು ತಾನಾಗಿ ಬರುತ್ತದೆ. ಊಟ ಹಾಕುವುದು ಸುಲಭದ ಕೆಲಸ. ಮನುಷ್ಯರನ್ನು ಅವರ ಮನೆಗೆ ಮುಟ್ಟಿಸುವುದಿದೆಯಲ್ಲ, ಅದು ಕಷ್ಟ. ಊರು ಯಾವುದು ಅಂದರೆ ಹೇಳುವುದಿಲ್ಲ. ಹೇಳಿದರೂ ತವರಿನ ಹೆಸರೋ, ಕೂಲಿಗೆ ಹೋದ ಊರಿನ ಹೆಸರೋ ಬಂದುಬಿಡುತ್ತದೆ. ಆದ್ದರಿಂದ ನಾವು ಊರಿನ ಹೆಸರು ಕೇಳುವುದನ್ನೇ ಬಿಟ್ಟಿದ್ದೇವೆ. "ನಿಮ್ಮನೆ ಹೊಸ್ತಿಲ ಮೇಲೆ ನಿಂತ್ರೆ ಎದುರಿಗೆ ಏನ್ ಕಾಣ್ತೈತೆ?" ಎಂದು ಕೇಳುತ್ತೇವೆ. ಬುದ್ಧಿ ಎಷ್ಟೇ ಚೆದುರಿರಲಿ, ಈ ಪ್ರಶ್ನೆಗೆ ಕಣ್ಣು ಒಂದು ಕ್ಷಣ ನಿಲ್ಲುತ್ತದೆ.

ಆಕೆ ಬಂದದ್ದು ಒಂದು ಬೇಸಿಗೆಯಲ್ಲಿ. ಆಟೋದಿಂದ ಇಳಿಸಿದಾಗ ಕೂದಲು ಜಡೆಗಟ್ಟಿತ್ತು, ಮೈಮೇಲೆ ಒಂದು ಗೋಣಿತಾಟು, ವಯಸ್ಸು ಅರವತ್ತರ ಆಚೆ ಈಚೆ. ಸ್ನಾನ ಮಾಡಿಸಿ, ದಾನಕ್ಕೆ ಬಂದ ಬಟ್ಟೆಗಳ ಮೂಟೆಯಿಂದ ಒಂದು ಸೀರೆ ತೆಗೆದೆ. ಒಳ್ಳೆಯ ಸೀರೆ, ಗಿಳಿಹಸಿರು, ಒಂದೇ ಒಂದು ಕಡೆ ಹೊಲಿಗೆ ಬಿದ್ದಿತ್ತು. ಆಕೆ ಅದನ್ನು ನೋಡಿ ಹಿಂದೆ ಸರಿದಳು.

"ಹಸಿರು ಬೇಡ."

"ಯಾಕವ್ವ, ಚೆಂದ ಐತಲ್ಲ."

"ಹಸಿರು ನಮ್ಮಮ್ಮಂದು. ನಾವು ಉಡಂಗಿಲ್ಲ."

ನಮ್ಮಮ್ಮ ಅಂದರೆ ಅವರ ತವರಿನ ದೇವರು. ಹಸಿರು ಬಟ್ಟೆ ಆ ದೇವಿಗೆ ಮೀಸಲು, ಆ ಮನೆಯ ಹೆಣ್ಣುಮಕ್ಕಳು ಹುಟ್ಟಿದಾಗಿನಿಂದ ಹಸಿರು ಮುಟ್ಟುವುದಿಲ್ಲ ಎಂದು ನನಗೆ ಗೊತ್ತಾಗಿದ್ದು ಆಮೇಲೆ. ಅವತ್ತು ಪಕ್ಕದಲ್ಲಿದ್ದ ಇನ್ನೊಬ್ಬ ಅಜ್ಜಿ, ಮಿಲ್ಲಿನ ಹಳೆಯ ನಿವಾಸಿ, ಸುಮ್ಮನಿರಲಿಲ್ಲ. "ಅಲಲಲಾ, ಗೋಣಿಚೀಲ ಸುತ್ಕೊಂಡು ಬಂದೋಳಿಗೆ ಬಣ್ಣ ಬೇರೆ ಬೇಕಂತೆ ಬಣ್ಣ! ಜರಿ ಅಂಚು ಬ್ಯಾಡ್ವಾ ತಾಯಿ?" ಆಕೆ ಒದ್ದೆ ಟವೆಲ್ಲು ಸುತ್ತಿಕೊಂಡು ಮೂಲೆಯಲ್ಲಿ ಕೂತಳು. ನಾನು ನನ್ನದೇ ಒಂದು ಕಂದು ಸೀರೆ ತಂದು ಕೊಡುವ ತನಕ ಎದ್ದೇಳಲಿಲ್ಲ.

ಮಾತು ಕಡಿಮೆ. ಆಡಿದರೆ ಅರ್ಧ ಕನ್ನಡ, ಅರ್ಧ ತೆಲುಗು. ಗಡಿ ಕಡೆಯವಳು ಎನ್ನುವುದು ಅಷ್ಟರಿಂದಲೇ ತಿಳಿಯಿತು. ಮಂಚದ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟರೆ ಎರಡೂ ಪಾದ ಒಂದಾದ ಮೇಲೆ ಒಂದು ನೆಲ ಒತ್ತುತ್ತಲೇ ಇರುತ್ತಿದ್ದವು. ನಿದ್ದೆಯಲ್ಲೂ ನಿಲ್ಲುತ್ತಿರಲಿಲ್ಲ. ಗುಂಡಿ ಮಗ್ಗದಲ್ಲಿ ಕೂತು ತುಳಿದವರ ಕಾಲು ಅದು ಎಂದು ಮೇಷ್ಟ್ರು ಹೇಳಿದ ಮೇಲೆ ಎಲ್ಲರೂ ಆಕೆಯನ್ನು ಮಗ್ಗದವ್ವ ಎಂದರು. ಮೊಳಕಾಲ್ಮೂರಿನ ಸುತ್ತ ಮಗ್ಗದ ಮನೆಗಳಿಗೆ ಬರವೇ? ಯಾವ ಮನೆ ಎಂದು ಹುಡುಕುವುದು?

ಹೊಸ್ತಿಲ ಪ್ರಶ್ನೆ ಕೇಳಿದೆ. ಕಣ್ಣು ನಿಂತಿತು.

"ಬಂಡೆ. ಆನೆ ಕುಂತಂಗೆ. ಅದರ ತಲೆ ಮ್ಯಾಲೆ ಒಂದ್ ಗುಂಡು. ಬೀಳ್ತೀನಿ ಅಂತೈತೆ, ಬೀಳಲ್ಲ."

ಆ ಕಡೆಗೆ ವ್ಯಾನು ಹೋದಾಗೆಲ್ಲ ಡ್ರೈವರು ದಾರಿಯಲ್ಲಿ ಕಂಡ ಬಂಡೆಗಳ ಫೋಟೋ ತೆಗೆದು ತಂದು ತೋರಿಸತೊಡಗಿದ. ಆಕೆ ಒಂದನ್ನೂ ಒಪ್ಪಲಿಲ್ಲ. "ಇದು ಎಮ್ಮೆ. ಇದು ಕಪ್ಪೆ ಕಣೋ, ಆನೆ ಎಲ್ಲೈತೆ?" ಎನ್ನುವಳು. "ಈ ಅವ್ವನ ಕಾಲಾಗೆ ನನ್ ಮೊಬೈಲ್ ತುಂಬಾ ಕಲ್ಲೇ ತುಂಬ್ಕೊಂಡೈತೆ, ಹೆಂಡ್ತಿ ಫೋಟೋ ಇಡಾಕೆ ಜಾಗ ಇಲ್ಲ" ಎಂದು ಡ್ರೈವರು ಗೊಣಗುವನು. ಗೊಣಗುತ್ತಲೇ ಮತ್ತೆ ತರುವನು.

ಮಿಲ್ಲಿನಲ್ಲಿ ಒಂದು ಪದ್ಧತಿ ಇದೆ. ಮಹಾಲಯ ಅಮಾವಾಸ್ಯೆಯ ದಿನ, ನಮ್ಮಲ್ಲೇ ಕಣ್ಣು ಮುಚ್ಚಿದ, ಕೇಳಿಕೊಂಡು ಯಾರೂ ಬಾರದ ಜೀವಗಳಿಗೆ ಎಡೆ ಇಡುತ್ತೇವೆ. ಈ ಹಿರೇರ ಹಬ್ಬದಲ್ಲಿ ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಸತ್ತವರಿಗೆ ನಾಚಿಕೆ, ಬದುಕಿದ್ದವರ ಎದುರಿಗೆ ಉಣ್ಣುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತಟ್ಟಿ ತೆಗೆಯುವುದು, ಆಮೇಲೆ ಅದೇ ಎಡೆಯನ್ನು ಮನೆಯವರು ಹಂಚಿಕೊಂಡು ಉಣ್ಣುವುದು. ನಮ್ಮ ಕಡೆ ಇದೆಲ್ಲ ದೀಪ ಹಚ್ಚುವ ಹೊತ್ತಿಗೆ. ಬೀದಿಯಿಂದ ಬಂದವರೆಲ್ಲ ಆ ಒಂದು ಸಂಜೆ ಮತ್ತೆ ಬೀದಿಯಲ್ಲಿ ನಿಲ್ಲುತ್ತಾರೆ, ಮುಚ್ಚಿದ ಬಾಗಿಲು ನೋಡುತ್ತಾ. ಯಾರೂ ಮಾತಾಡುವುದಿಲ್ಲ.

ಆ ವರ್ಷ ಎಲ್ಲರೂ ಹೊರಬಂದರೂ ಮಗ್ಗದವ್ವ ಬರಲಿಲ್ಲ. ಕಂಬ ಹಿಡಿದು ನಿಂತಳು.

"ನಾ ಬರಲ್ಲ. ಬಂದ್ರೆ ಬಾಗ್ಲು ಹಾಕ್ತೀರಿ."

"ಮತ್ತೆ ತೆಗೀತೀವಿ ಕಣವ್ವ."

"ಹಂಗೇ ಅಂತಾರೆ ಎಲ್ರೂ."

ಮೇಷ್ಟ್ರು, ಇರಲಿ ಬಿಡಿ ಎಂದರು. ಆಕೆಯನ್ನು ಎಡೆಯ ಜೊತೆ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡೆವು. ತೆಗೆದಾಗ ಆಕೆ ಹಜಾರದ ಆ ತುದಿಯಲ್ಲಿ, ಗೋಡೆಗೆ ಮುಖ ಮಾಡಿ ಕೂತಿದ್ದಳು. ಎಲೆ ಮುಟ್ಟಿರಲಿಲ್ಲ. ಹತ್ತಿರ ಹೋದರೆ ಪಿಸುಗುಟ್ಟಿದಳು: "ಬಂದಿದ್ರು. ಉಂಡ್ ಹೋದ್ರು. ಯಾರೂ ನನ್ನ ಮಾತಾಡ್ಸಲಿಲ್ಲ."



ಡಾಕ್ಟರು ಕೊಟ್ಟ ಮಾತ್ರೆ ನಿಧಾನಕ್ಕೆ ಹಿಡಿಯಿತು. ಗಂಡ ಸತ್ತ ಮೇಲೆ ತಲೆ ನೆಟ್ಟಗಿರಲಿಲ್ಲವಂತೆ. ರಾಯದುರ್ಗದ ಸಂತೆಯಿಂದ ವಾಪಸಾಗುವಾಗ ಯಾವುದೋ ಬಸ್ಸು ಹತ್ತಿದ್ದಳಂತೆ. ಇಳಿದ ಊರಿನಿಂದ ಇನ್ನೊಂದು ಊರು, ಅಲ್ಲಿಂದ ಮತ್ತೊಂದು. ಎಷ್ಟು ವರ್ಷ ಹಾಗೆ ಕಳೆಯಿತೆಂದು ಆಕೆಗೂ ತಿಳಿಯದು. ಮಗನಿದ್ದಾನೆ, ಸೊಸೆ ಇದ್ದಾಳೆ, ಮಗ್ಗವಿದೆ ಎನ್ನುವುದು ಮಾತ್ರ ನೆನಪಾಯಿತು. ನೆನಪಾದ ಮೇಲೆ ಹಂಬಲ ಶುರುವಾಯಿತು. ದಿನಾ ಬೆಳಗಾದರೆ ಅಡಿಗೆಮನೆಗೆ ಬಂದು ಕೇಳುವಳು: "ಇವತ್ತು ನಮ್ಮನೇಗೆ ಹೋಗ್ತೀವಾ?" ಬೇರೆ ಏನೂ ಬೇಡ ಆಕೆಗೆ. ತನ್ನ ಹೊಸ್ತಿಲು ದಾಟಿ ಒಳಗೆ ಹೋಗಬೇಕು, ಒಳಗೇ ಇರಬೇಕು. "ನನ್ನ ಒಳಗ್ ಬಿಡ್ತಾರಾ?" ಎಂದೂ ಒಮ್ಮೊಮ್ಮೆ ಕೇಳುವಳು. ಏನು ಹೇಳಲಿ? ಬಿಡದೆ ಇದ್ದ ಮನೆಗಳನ್ನೂ ನಾನು ನೋಡಿದ್ದೆ.

ಮುಂದಿನ ಮಳೆಗಾಲದಲ್ಲಿ ಒಂದು ದಿನ ಡ್ರೈವರು ಯಥಾಪ್ರಕಾರ ಮೊಬೈಲು ಚಾಚಿದ. ಆಕೆ ಎಮ್ಮೆ ಎನ್ನಲಿಲ್ಲ, ಕಪ್ಪೆ ಎನ್ನಲಿಲ್ಲ. ಪರದೆಯ ಮೇಲೆ ಬೆರಳಿಟ್ಟು ಸುಮ್ಮನೆ ಕೂತುಬಿಟ್ಟಳು. ಮಂಚದಿಂದ ಇಳಿಬಿದ್ದ ಪಾದಗಳು ಮೊದಲ ಸಲ ನಿಂತಿದ್ದವು.

ಮೊಳಕಾಲ್ಮೂರು ದಾಟಿ ದೇವಸಮುದ್ರದ ಕಡೆ ಹೋಗುವ ಹಾದಿಯಲ್ಲಿ ಒಂದು ಊರು. ಮೇಷ್ಟ್ರು ತಮ್ಮ ಪರಿಚಯದವರೊಬ್ಬರಿಂದ ವಿಚಾರಿಸಿದರು. ಮಗ ಇದ್ದಾನೆ, ಮಗ್ಗ ನಡೆಯುತ್ತಿದೆ, ತಾಯಿ ಹಿಂದೆ ಯಾವಾಗಲೋ ಹೋಗಿಬಿಟ್ಟಳಂತೆ. ಇಷ್ಟು ತಿಳಿಯಿತು. ಮನೆಯವರಿಗೆ ಮುಂಚೆ ಹೇಳಲಿಲ್ಲ. ಅದೂ ನಮ್ಮ ಪದ್ಧತಿಯೇ. ಫೋನಿನಲ್ಲಿ ಬೇಡ ಎನ್ನುವುದು ಎಲ್ಲರಿಗೂ ಸಲೀಸು, ಹೆತ್ತವಳು ಎದುರಿಗೆ ಬಂದು ನಿಂತರೆ ಅಷ್ಟು ಸಲೀಸಲ್ಲ. ದಿನ ಯಾವುದು ಎಂದು ಯೋಚಿಸಿ ಮೇಷ್ಟ್ರು ಅಂದರು, "ಹಿರೇರ ಹಬ್ಬದ ದಿನ ಮಧ್ಯಾಹ್ನದೊಳಗೆ ಮುಟ್ಟಿಸೋಣ. ಎಲ್ರೂ ಮನೇಲಿರ್ತಾರೆ. ಸಂಜೆ ಎಡೆ ಇಡೋ ಹೊತ್ತಿಗೆ ಆಕೆಯೂ ನಾಲ್ಕು ಹೋಳಿಗೆ ತಟ್ಟಿರ್ತಾಳೆ." ನಮಗೆಲ್ಲ ಅದು ಒಳ್ಳೆಯ ಮಾತೇ ಅನ್ನಿಸಿತು. ನಾವೆಲ್ಲ ಚಳ್ಳಕೆರೆ ಕಡೆಯವರು, ದೀಪ ಹಚ್ಚಿ ಎಡೆ ಇಡುವವರು. ಆ ಊರಿನಲ್ಲಿ ಮಟಮಟ ಮಧ್ಯಾಹ್ನವೇ ಎಡೆ ಇಡುತ್ತಾರೆ ಎಂದು ನಮಗ್ಯಾರಿಗೆ ಗೊತ್ತು? ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯೂ ಗೊತ್ತಿರಲಿಲ್ಲ.

ಹೊರಡುವ ದಿನ ಆಕೆ ತಿಂಡಿ ಮುಟ್ಟಲಿಲ್ಲ. "ನಮ್ಮನೇಲೇ ಉಣ್ತೀನಿ" ಎಂದಳು. ತಳಕು ಊರು ದಾಟಿದ ಮೇಲೆ ಕುರಿಹಿಂಡು ಅಡ್ಡ ಬಂದು ವ್ಯಾನು ನಿಂತಾಗ, "ಹಾರ್ನ್ ಹಾಕೋ, ಇವು ಹಬ್ಬ ಮುಗಿಯೋತನ ದಾಟಲ್ಲ" ಎಂದು ಡ್ರೈವರನ್ನು ಗದರಿದಳು. ಅಷ್ಟು ಗೆಲುವಾಗಿದ್ದಳು. ಆನೆಬಂಡೆ ಕಂಡಾಗ ಸೀಟಿನ ಅಂಚಿಗೆ ಸರಿದು ಕೂತಳು.

ಊರೊಳಗೆ ಬೀದಿ ಸಣ್ಣದು. ವ್ಯಾನು ಮನೆಯ ಹಿಂದುಗಡೆಯ ಹುಣಸೆಮರದ ಹತ್ತಿರ ನಿಲ್ಲಿಸಿ, "ಇಲ್ಲೇ ಇರವ್ವ, ಮೊದ್ಲು ನಾವ್ ಹೋಗಿ ಮಾತಾಡ್ತೀವಿ" ಎಂದು ಆಕೆಯನ್ನು ಡ್ರೈವರ ಜೊತೆ ಬಿಟ್ಟು, ನಾನೂ ಮೇಷ್ಟ್ರೂ ಸುತ್ತು ಹಾಕಿಕೊಂಡು ಮನೆಯ ಮುಂದಕ್ಕೆ ಬಂದೆವು.

ಬಂದರೆ ಮನೆಯವರೆಲ್ಲ ಹೊರಗೆ ನಿಂತಿದ್ದಾರೆ. ಬಾಗಿಲು ಮುಚ್ಚಿದೆ.  ಮಗ ತಲೆ ಬಗ್ಗಿಸಿ ನಿಂತಿದ್ದ, ಪಕ್ಕದಲ್ಲಿ ಸೊಸೆ, ಜಗಲಿಯ ಮೇಲೆ ರುಮಾಲು ಸುತ್ತಿದ ಹಿರಿಯರೊಬ್ಬರು. ಅವರು ಆಕೆಯ ಮೈದುನ, ಈ ಹುಡುಗನ ಚಿಕ್ಕಪ್ಪ ಎಂದು ಆಮೇಲೆ ತಿಳಿಯಿತು. ಎಡೆ ಇಟ್ಟ ಹೊತ್ತಿನಲ್ಲಿ ಮಾತಾಡಬಾರದು, ನಾವೂ ಪಕ್ಕದಲ್ಲಿ ನಿಂತೆವು. ನಾನು ಸೊಸೆಯ ಕಿವಿಯ ಹತ್ತಿರ ಬಗ್ಗಿ, "ಯಾರಿಗವ್ವ ಎಡೆ?" ಎಂದೆ.

"ನಮ್ಮ ಮಾವಂಗೆ. ಅತ್ತೆಗೆ."

 ಮೇಷ್ಟ್ರಿಗೂ ಕೇಳಿಸಿತು. ಹೋಗಿಬಿಟ್ಟಳು ಎಂದರೆ ತಪ್ಪಿಸಿಕೊಂಡು ಹೋದಳು ಎಂದುಕೊಂಡು ನಾವು ಕರೆತಂದಿದ್ದು. ಈ ಮನೆಯಲ್ಲಿ ಆಕೆ ಸತ್ತು ವರ್ಷಗಳಾಗಿದ್ದವು.

ಮೇಷ್ಟ್ರು ನನ್ನ ಕಡೆ ನೋಡಿ ವ್ಯಾನಿನತ್ತ ಕೈ ಮಾಡಿದರು, ಆಕೆ ಅಲ್ಲೇ ಇರಲಿ, ಓಡು, ಎನ್ನುವ ಹಾಗೆ. ನಾನು ಹೆಜ್ಜೆ ಎತ್ತುವುದರೊಳಗೆ ಮಗ ಕೆಮ್ಮಿದ, ಬಾಗಿಲು ತಟ್ಟಿದ, ತಳ್ಳಿದ.

ಒಳಗೆ ನಡುಮನೆಯಲ್ಲಿ ಗೋಡೆಗೆ ಎರಡು ಫೋಟೋ, ಎರಡಕ್ಕೂ ಹೂವಿನ ಹಾರ. ಕೆಳಗೆ ಎರಡು ಎಲೆ. ಒಂದರ ಮುಂದೆ ಪಂಚೆ, ಇನ್ನೊಂದರ ಮುಂದೆ ಮಡಿಕೆ ಬಿಚ್ಚದ ಹಸಿರು ಸೀರೆ. ಆ ಎಲೆಯ ಮುಂದೆ, ತನ್ನದೇ ಫೋಟೋದ ಕೆಳಗೆ, ಮಗ್ಗದವ್ವ ಕೂತು ಹೋಳಿಗೆ ಮುರಿದು ಬಾಯಿಗಿಡುತ್ತಿದ್ದಳು.

ವ್ಯಾನಿನಲ್ಲಿ ಆಕೆ ಕೂತಿರಲಿಲ್ಲ. ಡ್ರೈವರು ಬೀಡಿ ಹಚ್ಚುವಷ್ಟರಲ್ಲಿ ಇಳಿದು, ಹಿತ್ತಲಿನಿಂದ ಬಂದಿದ್ದಳು. ಆ ಬಾಗಿಲಿನ ಅಗುಳಿ ಹೊರಗಿನಿಂದ ಎತ್ತುವುದು ಹೇಗೆಂದು ಆಕೆಗೆ ಕೈಯೇ ಹೇಳಿತ್ತು. ಬೆಳಗಿನಿಂದ ಉಪವಾಸ. ಎದುರಿಗೆ ತನ್ನ ಮನೆ, ತುಂಬಿದ ಎಲೆ.

ಮಗನ ಗಂಟಲಿನಿಂದ ಹೊರಟ ಸದ್ದು ನನಗಿನ್ನೂ ಕೇಳಿಸುತ್ತದೆ. ಕೂಗೂ ಅಲ್ಲ, ಅಳುವೂ ಅಲ್ಲ. ಎರಡೂ ಕೈಯಿಂದ ಬಾಗಿಲೆಳೆದು ಮುಚ್ಚಿ, ಚಿಲಕ ಹಿಡಿದು ನಿಂತುಬಿಟ್ಟ.

ಒಳಗಿನಿಂದ ದನಿ ಬಂತು.

"ಲೇ, ಬಾಗ್ಲು ಯಾಕ್ ಹಾಕಿದ್ಯೋ? ನಾನು."

ಒಳಗಿನಿಂದ ಬಾಗಿಲು ಬಡಿದಳು.

"ಏಮಿರಾ, ನಿನ್ನೇ ಕೇಳಿದ್ದು. ಹೆತ್ತೋಳ್ನ ಕಂಡ್ರೆ ದೆವ್ವ ಕಂಡಂಗ್ ಆಡ್ತೀಯಲ್ಲ!"

ಮೇಷ್ಟ್ರು ಮುಂದೆ ಬಂದು ಕೈ ಮುಗಿದು ಎಲ್ಲ ಹೇಳಿದರು. ಬಸ್‌ಸ್ಟ್ಯಾಂಡು, ಮಿಲ್ಲು, ಮಾತ್ರೆ, ಬಂಡೆಯ ಫೋಟೋ. ಆಕೆ ಸತ್ತಿಲ್ಲ, ಜೀವ ಸಹಿತ ನಿಮ್ಮ ತಾಯಿಯೇ, ತಪ್ಪು ನಮ್ಮದು, ದಿನ ನೋಡದೆ ಬಂದೆವು. ಮಗ ಕೇಳಿಸಿಕೊಂಡ. ಹಿಡಿದ ಚಿಲಕ ಬಿಡಲಿಲ್ಲ.

ಮಾತಾಡಿದ್ದು ಚಿಕ್ಕಪ್ಪ. ಕೆಟ್ಟ ಮನುಷ್ಯರಲ್ಲ ಅವರು, ಅವರ ಕಣ್ಣಲ್ಲೂ ನೀರಿತ್ತು. "ಬದುಕಿರಬೌದು ಸ್ವಾಮಿ. ನಾನಿಲ್ಲ ಅನ್ನಲ್ಲ. ಆದ್ರೆ ಎಡೆ ಉಂಡ್ಬಿಟ್ಲಲ್ಲ. ಬಾಗ್ಲು ತೆಗೆಯೋಕೆ ಮುಂಚೆ ಉಂಡೋರು ಹಿರೇರು, ತೆಗೆದ್ಮ್ಯಾಲೆ ಉಂಡೋರು ಮನೆಯೋರು. ಅತ್ತಿಗೆ ತಾನಾಗೇ ಆ ಕಡೆ ಕುಂತ್ಲು. ಹಿರೇರ್ನ ಮನೇಲಿ ಇಟ್ಕಂಡು ಬಾಳ್ವೆ ಮಾಡಾಕಾಗ್ತೈತಾ? ನೀವೇ ಕರ್ಕಂಡ್ ಹೋಗ್ರಿ. ಚೆನ್ನಾಗ್ ನೋಡ್ಕಳ್ರಿ."

ಬಾಗಿಲ ಆಚೆ ಆಕೆಗೆ ಎಲ್ಲವೂ ಕೇಳುತ್ತಿತ್ತು.  ಆಮೇಲೆ ಬೇರೆಯೇ ದನಿಯಲ್ಲಿ ಕೇಳಿದಳು.

"ಈ ಸೀರೆ ಯಾರ್ದು?"

"ನಿಂದೇ ಕಣವ್ವ," ಮಗ ಬಾಗಿಲಿಗೆ ಹಣೆ ಒತ್ತಿ ಹೇಳಿದ. ತಾಯಿಯ ಜೊತೆ ಅವನ ಮೊದಲ ಮಾತು ಅದು. "ವರ್ಷಾ ವರ್ಷಾ ನಿಂಗೆ ಇಡ್ತೀವಿ."

"ಹಸಿರು ಯಾಕಿಟ್ಟೆ? ನಾನು ಯಾವತ್ತು ಹಸಿರು ಉಟ್ಟೀನಿ?"

"ಬಾವೀಲಿ ಸಿಕ್ದಾಗ ಹಸಿರೇ ಉಟ್ಟಿದ್ದೆ ಅಲ್ಲವ್ವ..." ಅಂದವನು ಅಲ್ಲಿಗೇ ನಿಂತ.

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ತಡೆಯಲಾರದೆ ಗಂಡನ ಮೇಲೆ ಬಿದ್ದಳು. "ನಾನ್ ಅವತ್ತೇ ಬಡ್ಕೊಂಡೆ! ಅತ್ತೆ ಹಸಿರು ಮುಟ್ಟಲ್ಲ, ಇದು ನಮ್ಮತ್ತೆ ಅಲ್ಲ ಅಂತ. ಬುದ್ಧಿ ಇಲ್ದೋಳು, ಯಾರೋ ಕೊಟ್ಟಿದ್ದು ಉಟ್ಟಿರ್ತಾಳೆ ಅಂದ್ರಿ. ಬಾಯಿ ಮುಚ್ಚು ಅಂದ್ರಿ."

ಗಡಿಯಾಚೆ ಒಂದು ಹಾಳುಬಾವಿಯಲ್ಲಿ ಹೆಂಗಸಿನ ಹೆಣ ಸಿಕ್ಕಿತ್ತಂತೆ. ನೀರಿನಲ್ಲಿ ಬಹಳ ದಿನ ಇದ್ದದ್ದು, ಮುಖ ಮುಖವಾಗಿರಲಿಲ್ಲ. ವಯಸ್ಸು ಹೊಂದುತ್ತಿತ್ತು, ಎತ್ತರ ಹೊಂದುತ್ತಿತ್ತು. ಮಗ ಮಗ್ಗ ನಿಲ್ಲಿಸಿ ಊರೂರು ಅಲೆದು ಸೋತುಹೋಗಿದ್ದ. "ಸಾಕಾಗಿತ್ತು ಸ್ವಾಮಿ," ಎಂದು ಅವನು ಮೇಷ್ಟ್ರಿಗೆ ಹೇಳಿದ. "ಎಲ್ಲೋ ಉಪಾಸ ಬಿದ್ದಿರ್ತಾಳೆ, ಯಾರೋ ಹೊಡೀತಿರ್ತಾರೆ ಅಂತ ದಿನಾ ನೆನೆಸ್ಕೊಳ್ಳೋದಕ್ಕಿಂತ, ಇದೇ ನಮ್ಮವ್ವ ಅಂದ್ಬಿಟ್ರೆ ನಿದ್ದೆ ಬರ್ತೈತೆ ಅನ್ನಿಸ್ತು. ಹೌದು ಅಂದೆ." ಯಾರನ್ನೂ ನೋಡದೆ ಕೇಳಿದ: "ಹಂಗಾದ್ರೆ ನಾನ್ ಬೆಂಕಿ ಇಟ್ಟಿದ್ದು ಯಾರಿಗೆ?"

 ಎದುರಿನ ಆನೆಬಂಡೆಯ ನೆತ್ತಿಯ ಮೇಲೆ ಬಿಸಿಲು ಬಿದ್ದಿತ್ತು. ಗುಂಡು ಈಗ ಬೀಳುತ್ತದೆ ಎನ್ನುವ ಹಾಗೆ ಕಾಣುತ್ತಿತ್ತು.

ಬಾಗಿಲ ಆಚೆಯಿಂದ ಆಕೆಯೇ ಹೇಳಿದಳು. "ಹಂಗಾದ್ರೆ ಇದು ನನ್ನ ಎಡೆ ಅಲ್ಲ. ಆಕೇದು. ಆಕೆ ಎಲೆ ಮುಂದೆ ನಾನು ಕುಂತ್ಬಿಟ್ಟೆ." ತಪ್ಪು ಮಾಡಿದವರ ದನಿ ಅದು, ಗೆದ್ದವರದಲ್ಲ. "ಮೈದ್ನಾ, ನೀವು ನಂಗೆ ಎಡೆನೇ ಇಟ್ಟಿಲ್ಲ. ನಾನ್ ಹೆಂಗ್ ಹಿರೇಳಾದೆ?"

ಚಿಕ್ಕಪ್ಪ ತಲೆ ಅಲ್ಲಾಡಿಸಿದರು. "ಯಾರ ಎಡೆ ಆದ್ರೇನು ಅತ್ತಿಗೆ, ಎಡೆ ಎಡೆನೇ. ಬಾಗ್ಲು ಮುಚ್ಚಿತ್ತು."

ಮಗ ಚಿಲಕ ಬಿಟ್ಟ. ಬಾಗಿಲು ತನ್ನ ಮೈ ಹಿಡಿಸುವಷ್ಟೇ ತೆರೆದು ಒಳಗೆ ಹೋದ. ಮತ್ತೆ ಬಾಗಿಲು ಮುಚ್ಚಿತು. ಒಳಗಡೆಯಿಂದ ಅಗುಳಿ ಬಿದ್ದ ಸದ್ದು ಕೇಳಿಸಿತು. ನಾವೆಲ್ಲ ಹೊರಗೆ. ಸೊಸೆ ನನ್ನ ಕೈ ಹಿಡಿದುಕೊಂಡಿದ್ದಳು, ಅವಳ ಬಳೆ ನನ್ನ ಮಣಿಕಟ್ಟಿಗೆ ಒತ್ತುತ್ತಿತ್ತು.  ಒಳಗೆ ಲೋಟ ಇಟ್ಟ ಸದ್ದು. ಯಾರೋ ಬಿಕ್ಕಿದರು, ಯಾರೆಂದು ತಿಳಿಯಲಿಲ್ಲ. ಕೊನೆಗೆ ಆಕೆಯ ಗದರಿಕೆ: "ಮೆಲ್ಲಕ್ ತಿನ್ನೋ. ಗಂಟ್ಲಾಗೆ ಸಿಕ್ಕಿಸ್ಕೊಂಡೀಯಾ."

ಬಾಗಿಲು ತೆರೆದಾಗ ಮಗನ ಬಾಯಿಯ ಸುತ್ತ ಹೋಳಿಗೆಯ ಪುಡಿ ಅಂಟಿತ್ತು, ಕೈಯಲ್ಲಿ ಅರ್ಧ ತುಂಡು ಉಳಿದಿತ್ತು.

"ಚಿಕ್ಕಪ್ಪಾ, ನಾನೂ ಬಾಗ್ಲು ಹಾಕ್ಕೊಂಡೇ ಉಂಡೀನಿ. ಅದೇ ಎಲೆಯಾಗೆ. ಈಗ ನನ್ನೂ ವ್ಯಾನಿಗೆ ಹತ್ತಿಸ್ತೀಯಾ?"

 ಚಿಕ್ಕಪ್ಪ ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, "ಥೂ ನಿನ್ನ, ಮಗ್ಗ ಯಾರ್ ನೋಡ್ಕಂತಾರೆ ಆಮ್ಯಾಲೆ" ಎಂದರು. ಮೊದಲು ಒಳಗೆ ಹೋಗಿ ಗೋಡೆಯ ಮೇಲಿನ ಅತ್ತಿಗೆಯ ಫೋಟೋದ ಹಾರ ತೆಗೆದದ್ದು ಅವರೇ.

ಆಕೆ ಮಾತ್ರ ಹೊರಗೆ ಬರಲಿಲ್ಲ. ಆರತಿ ಎತ್ತಿ ಮುಂದಿನ ಬಾಗಿಲಿನಿಂದ ಕರೆದುಕೊಳ್ಳುತ್ತೇವೆ, ಒಂದು ಗಳಿಗೆ ಅಂಗಳಕ್ಕೆ ಬಾ ಎಂದು ಸೊಸೆ ಎಷ್ಟು ಅಂಗಲಾಚಿದರೂ ನಡುಮನೆಯ ಕಂಬ ಹಿಡಿದವಳು ಬಿಡಲಿಲ್ಲ. ನಾನು ಹೋಗಿ ಬರುತ್ತೇನೆ ಎಂದಾಗಲೂ ಅಲ್ಲಿಂದಲೇ ತಲೆಯಾಡಿಸಿದಳು. ಕಾಲುಗಳು ನೆಲ ಒತ್ತುತ್ತಿದ್ದವು.

ಸಂಜೆ ಮಿಲ್ಲಿಗೆ ಬಂದು ನಮ್ಮ ಎಡೆ ಇಟ್ಟೆವು, ಬಾಗಿಲು ಮುಚ್ಚಿ ಬೀದಿಯಲ್ಲಿ ನಿಂತೆವು. ಎಂದಿನ ಜನ, ಎಂದಿನ ಮೌನ. ನನ್ನ ಕಣ್ಣಿಗೆ ಮಾತ್ರ ಮುಚ್ಚಿದ ಬಾಗಿಲ ಆಚೆ ಹಸಿರು ಸೀರೆಯುಟ್ಟ ಒಬ್ಬಳು ಬಂದು ಕೂತ ಹಾಗಾಗುತ್ತಿತ್ತು. ಅವಳನ್ನು ನಾನು ಕಂಡವಳಲ್ಲ. ಯಾವ ಊರಿನವಳೋ, ಯಾಕೆ ಆ ಬಾವಿಯ ಹತ್ತಿರ ಬಂದಳೋ. ಅವಳ ಹೊಸ್ತಿಲ ಮೇಲೆ ನಿಂತರೆ ಎದುರಿಗೆ ಏನು ಕಾಣುತ್ತಿತ್ತೋ. ಎಲ್ಲೋ ಒಂದು ಮನೆಯವರು ಅವಳಿಗಿನ್ನೂ ಎಡೆ ಇಟ್ಟಿರುವುದಿಲ್ಲ. ಬರುತ್ತಾಳೆ ಎಂದುಕೊಂಡು ಹಿತ್ತಲ ಅಗುಳಿ ಹಾಕದೆ ಮಲಗುತ್ತಿರಬಹುದು. ದಾನದ ಮೂಟೆಯಲ್ಲಿ ಆ ಗಿಳಿಹಸಿರು ಸೀರೆ ಇನ್ನೂ ಇತ್ತು. ಯಾರಿಗೂ ಕೊಡಲು ನನಗೆ ಕೈ ಬರಲಿಲ್ಲ.

ಮುಂದಿನ ವರ್ಷ ಹಬ್ಬಕ್ಕೆ ಮೊದಲು ಸೊಸೆ ಫೋನು ಮಾಡಿದಳು. "ಅತ್ತೆ ನಿಮ್ಮನ್ನ ಬರಾಕ್ ಹೇಳ್ಯಾಳೆ. ಮಧ್ಯಾಹ್ನವೇ ಬರ್ಬೇಕು ನೋಡ್ರಿ, ನಿಮ್ಮ ಕಡೆ ಟೈಮಿಗಲ್ಲ." ಹೋದೆ. ಆ ಸೀರೆಯನ್ನೂ ಚೀಲಕ್ಕೆ ಹಾಕಿಕೊಂಡು ಹೋದೆ.

ಆಕೆ ಮೈ ತುಂಬಿಕೊಂಡಿದ್ದಳು. ಮಗ್ಗಕ್ಕೆ ಕೂರುವುದಿಲ್ಲ, ನೂಲು ಸುತ್ತಿ ಕೊಡುತ್ತಾಳಂತೆ. ಒಂದು ವರ್ಷ ಕಳೆದರೂ ಮುಂಬಾಗಿಲ ಹೊಸ್ತಿಲು ದಾಟಿ ಹೊರಗೆ ಕಾಲಿಟ್ಟಿಲ್ಲ, ಹಿತ್ತಲಿಗೆ ಹೋದರೂ ಬಾಗಿಲು ಮುಚ್ಚದಂತೆ ಒಂದು ಕಲ್ಲು ಅಡ್ಡ ಇಟ್ಟೇ ಹೋಗುತ್ತಾಳೆ ಎಂದು ಸೊಸೆ ಪಿಸುಗುಟ್ಟಿದಳು. ನಡುಮನೆಯಲ್ಲಿ ಈಗ ಒಂದೇ ಫೋಟೋ, ಗಂಡನದು. ಆದರೆ ಎಲೆ ಎರಡು. ಎರಡನೆಯ ಎಲೆಯ ಮುಂದೆ ಗೋಡೆ ಖಾಲಿ. ನಾನು ತಂದ ಸೀರೆ ಕೊಟ್ಟಾಗ ಆಕೆ ಅದನ್ನು ಬರಿಗೈಯಲ್ಲಿ ಮುಟ್ಟಲಿಲ್ಲ. ತಟ್ಟೆಯಲ್ಲಿ ಇಡಿಸಿಕೊಂಡು, ಆ ಎಲೆಯ ಮುಂದೆ ಜೋಪಾನವಾಗಿ ಇಟ್ಟಳು. ಅನ್ನದ ಮೇಲೆ ತುಪ್ಪ ಬಡಿಸಿದಳು. ಯೋಚಿಸಿ ಇನ್ನೊಂದು ಹೋಳಿಗೆ ಹಾಕಿದಳು.

ಮಗ ಎಲ್ಲರನ್ನೂ ಹೊರಗೆ ಕರೆದ. ತಾಯಿಯನ್ನು ಮಾತ್ರ ಕರೆಯಲಿಲ್ಲ, ಕರೆಯಬಾರದೆಂದು ಅವನಿಗೆ ಗೊತ್ತಿತ್ತು. ನಾನು ಅಂಗಳಕ್ಕೆ ಇಳಿದು ತಿರುಗಿ ನೋಡಿದೆ. ಆಕೆ ಕಂಬದ ಹತ್ತಿರ ನಿಂತಿದ್ದಳು. ಎಲೆಯ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು. "ನಾನಿದ್ರೆ ಆಕೆ ಉಣ್ಣಲ್ಲ" ಎಂದು ತನಗೆ ತಾನೇ ಹೇಳಿಕೊಂಡಳು. ಕಂಬ ಬಿಟ್ಟು, ಸೆರಗು ಬಿಗಿ ಮಾಡಿ, ಹೊಸ್ತಿಲು ದಾಟಿ ನನ್ನ ಪಕ್ಕ ಬಂದು ನಿಂತಳು. ಮಗ ಬಾಗಿಲು ಎಳೆದಾಗ ಕಣ್ಣು ಮುಚ್ಚಿಕೊಂಡಳು. ನನ್ನ ಕೈ ಹಿಡಿದುಕೊಂಡಳು.

"ಒಳಗಿದ್ದಾಗ ನಂಗೆ ಭಯ ಆಗಿರ್ಲಿಲ್ಲ ಕಣವ್ವ," ಎಂದಳು. "ಹೊರಗೆ ನಿಂತ್ರೆ ಆಗ್ತೈತೆ."

ಒಳಗೆ ಏನೋ ಸರಿದ ಹಾಗೆ ಸಣ್ಣ ಸದ್ದಾಯಿತು. ಬೆಕ್ಕಿರಬಹುದು, ಗಾಳಿಗೆ ಎಲೆಯ ತುದಿ ಮಡಿಚಿರಬಹುದು. ಚಿಕ್ಕಪ್ಪ ಕೆಮ್ಮಿದರು, ಹೊತ್ತಾಯಿತು ಎನ್ನುವ ಹಾಗೆ. ಮಗ ಬಾಗಿಲು ತಟ್ಟಲು ಕೈ ಎತ್ತಿದ. ಆಕೆ ಅವನ ಮುಂಗೈ ಹಿಡಿದಳು.

"ಇನ್ನೊಂದೀಟು ತಡಿಯೋ. ಹೋದ ವರ್ಷ ಆಕೆಗೆ ನಾನು ಉಣ್ಣಾಕ್ ಬಿಡ್ಲಿಲ್ಲ."